ಎಂ.ಸಿ. ಹಗರಿಯ ಮೌನವ್ರತ

ಎಲ್ಲ ಅನಾಹುತಕ್ಕೂ ಕಾರಣ ರಾಯದುರ್ಗದ ಬಸ್ ಸ್ಟ್ಯಾಂಡ್ ಮುಂದಿನ ತಳ್ಳುಗಾಡಿಯ ಐಸ್ ಗೋಲ. ಕೆಂಪು ಬಣ್ಣದ್ದು ಒಂದನ್ನು ತಿಂದು ಸುಮ್ಮನಾಗಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಶನಿವಾರ ಸಂಜೆ ರಾಮಾಂಜಿಗೆ ಎಷ್ಟು ಖುಷಿಯಾಗಿತ್ತೆಂದರೆ ಹಸಿರು ಬಣ್ಣದ್ದನ್ನೂ ತಿಂದ. ಮರುದಿನ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಕೈ ಬೀಸಿ, ಹಾಡಿನ ಮೊದಲ ಸಾಲು ಹೇಳಲು ಬಾಯಿ ತೆರೆದರೆ ಎಣ್ಣೆ ಕಾಣದ ಹೊಲಿಗೆ ಮಿಷಿನ್ನಿನಂಥ ಒಂದು ಕಿರ್ ಸದ್ದು ಬಂತು. ಎರಡನೇ ಸಲ ಅದೂ ಬರಲಿಲ್ಲ.

ಬೇರೆ ಯಾರದಾದರೂ ಗಂಟಲು ಕಟ್ಟಿದ್ದರೆ ಅದೇನು ದೊಡ್ಡ ಸುದ್ದಿಯಲ್ಲ. ರಾಮಾಂಜಿ ರ್‍ಯಾಪರ್. ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಪ್ಯಾಂಟುಗಳಿಗೆ ಜಿಪ್ಪು ಕೂಡಿಸುವುದು ಹೊಟ್ಟೆಪಾಡು, ಹಾಡುವುದು ಬದುಕು. ಊರು ಭೈರವಾನಿತಿಪ್ಪದ ಕಡೆ, ಹಗರಿ ಹೊಳೆಯ ದಂಡೆ. ಅದಕ್ಕೇ, ರ್‍ಯಾಪರುಗಳು ಹೆಸರಿನ ಮುಂದೆ ಹಾಕಿಕೊಳ್ಳುವ ಎಂ.ಸಿ.ಯನ್ನು ಸೇರಿಸಿ, ಎಂ.ಸಿ. ಹಗರಿ ಎಂದು ಹೆಸರಿಟ್ಟುಕೊಂಡಿದ್ದ. ವರ್ಷದ ಬಹುಪಾಲು ನೀರೇ ಇರದ ಹೊಳೆಯ ಹೆಸರನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ ಎಂದು ಯೂನಿಟ್ಟಿನವರು ನಕ್ಕರು. ಕುರಿ ಮೇಯಿಸುವ ಅಪ್ಪ ಬೊಮ್ಮಪ್ಪ ಮಗನ ಹಾಡನ್ನು ಫೋನಿನಲ್ಲಿ ಕೊನೆಯವರೆಗೂ ಕೇಳಿ, "ಇಷ್ಟು ಗಡಿಬಿಡಿ ಯಾಕಪ, ಯಾರರ ಬೆನ್ನು ಹತ್ತ್ಯಾರೇನು?" ಎಂದು ಚಿಂತೆಯಿಂದ ಕೇಳಿದ್ದ.

ಸ್ಟುಡಿಯೋ ಅಂತ ಅವನಿಗೆ ಇದ್ದದ್ದು ಯೂನಿಟ್ಟಿನ ಗೋಡೌನು. ಊಟದ ಬಿಡುವಿನಲ್ಲಿ ಜೀನ್ಸ್ ಬಂಡಲ್‌ಗಳ ನಡುವೆ ತೂರಿ, ಮೇಲೆ ನಾಲ್ಕು ಪ್ಯಾಂಟು ಎಳೆದುಕೊಂಡು ಫೋನಿಗೆ ಹಾಡುತ್ತಿದ್ದ. ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಗಾಳಿಯೂ ಬರುತ್ತಿರಲಿಲ್ಲ. ಹಾಡು ಉದ್ದವಾದರೆ ಉಸಿರು ಕಟ್ಟುತ್ತಿತ್ತು, ಆದ್ದರಿಂದ ಎಂ.ಸಿ. ಹಗರಿಯ ಹಾಡುಗಳೆಲ್ಲ ಚಿಕ್ಕವು. ಒಂದು ಕಾಲೇಜಿನ ಗ್ಯಾದರಿಂಗಿನಲ್ಲಿ ಅವನು ಶುರು ಮಾಡುತ್ತಲೇ ಮೈಕು ಕೆಟ್ಟಿದೆ ಎಂದು ತಿಳಿದು ಆಫ್ ಮಾಡಿದ್ದರು. ಒಂದು ಮದುವೆಯ ರಿಸೆಪ್ಷನ್ನಿಗೆ "ರ್‍ಯಾಪರ್ ಬೇಕು" ಎಂದು ಕರೆಸಿದವರು, ಹೋದ ಮೇಲೆ ಕತ್ತರಿಯನ್ನೂ ಬಣ್ಣದ ಕಾಗದವನ್ನೂ ಕೈಗೆ ಕೊಟ್ಟು ಉಡುಗೊರೆ ಸುತ್ತಲು ಕೂರಿಸಿದ್ದರು. ಅವನು ಸುತ್ತಿಯೂ ಕೊಟ್ಟು ಬಂದಿದ್ದ. ಊಟ ಚೆನ್ನಾಗಿತ್ತು.

ಇಷ್ಟೆಲ್ಲ ಆದ ಮೇಲೆ, ಬಳ್ಳಾರಿಯಲ್ಲಿ ಸ್ವಂತ ಸ್ಟುಡಿಯೋ ಇಟ್ಟುಕೊಂಡ ವಿದ್ಯಾಶ್ರೀ ಎಂಬಾಕೆಯಿಂದ ಕರೆ ಬಂದಿತ್ತು. ರಾಯದುರ್ಗದಂಥ ಆಂಧ್ರದ ಗಡಿ ಊರುಗಳ ಹೊಸ ಹಾಡುಗಾರರನ್ನು ಆಕೆ ಹುಡುಕುತ್ತಿದ್ದಳು. ಭಾನುವಾರ ಸಂಜೆ ಮಡಕಶಿರದ ಒಂದು ಕಲ್ಯಾಣ ಮಂಟಪದಲ್ಲಿ ಎಲ್ಲರಿಂದ ಹಾಡಿಸಿ, ಒಬ್ಬರನ್ನು ಆರಿಸಿ ಆಲ್ಬಮ್ ಮಾಡುತ್ತಾಳೆ. ಆ ಖುಷಿಗೇ ಐಸ್ ಗೋಲ.

ರಾಮಾಂಜಿ ಅವಳಿಗೆ ಮೆಸೇಜು ಹಾಕಿದ: ಗಂಟಲು ಹೋಗಿದೆ ಮೇಡಂ, ಇನ್ನೊಂದು ದಿನ ಆಗುತ್ತದೆಯೇ? ಉತ್ತರ ಕೂಡಲೇ ಬಂತು: ಇನ್ನೊಂದು ದಿನ ಇಲ್ಲ. ಬಂದು ನಿಲ್ಲಿ, ಸಂಜೆಗೆ ಸರಿಹೋದೀತು.

ಹೊರಗೆ ನಲ್ಲಿಯ ಹತ್ತಿರ ನಿಂತಿದ್ದ ಮನೆಯೊಡತಿ ಗುರುಬಸಮ್ಮನಿಗೆ ಆಗಲೇ ಅನುಮಾನ ಬಂದಿತ್ತು. ದಿನಾ ಬೆಳಿಗ್ಗೆ ಗೋಡೆ ಅದುರುವಂತೆ ಬಡಬಡಿಸುವ ಬಾಡಿಗೆಯವನು ಇವತ್ತು ತೆಪ್ಪಗಿದ್ದಾನೆ. ಬಾಗಿಲು ತಳ್ಳಿ ಒಳಗೆ ಇಣುಕಿದಳು.

"ಯಾಕಪ, ಇವತ್ತು ಸದ್ದ ಇಲ್ಲ. ಜ್ವರ ಬಂದಾವೇನು?"

ರಾಮಾಂಜಿ ಗಂಟಲು ತೋರಿಸಿದ.

"ರೀ, ಇಲ್ಲಿ ಬರ್ರಿ. ಹುಡುಗಗ ಮಾತು ಹೋಗೈತಿ."

ಗಂಡ ಉಜ್ಜಿನಪ್ಪ ಮುಂದಿನ ಕಿರಾಣಿ ಅಂಗಡಿಯಿಂದ ಎದ್ದು ಬಂದ. ರಾಮಾಂಜಿಯ ಬಾಯಿ ತೆರೆಸಿ, ಬೆಲ್ಲದ ಡಬ್ಬಿಯೊಳಗೆ ಇರುವೆ ಹುಡುಕುವವನಂತೆ ಇಣುಕಿ ನೋಡಿದ. "ಒಂದ್ ದಿನ ಓಣಿಗೆ ರಜಾ ಸಿಕ್ತು ಬಿಡು," ಎಂದ. ಆದರೆ ಸಂಜೆ ಮಡಕಶಿರಕ್ಕೆ ಹೋಗಬೇಕೆಂಬ ಮೆಸೇಜನ್ನು ರಾಮಾಂಜಿ ತೋರಿಸಿದಾಗ ಇಬ್ಬರೂ ಮದ್ದು ಹೇಳತೊಡಗಿದರು. ಗುರುಬಸಮ್ಮ ಮೆಣಸಿನ ಕಷಾಯ ಎಂದಳು. ಉಜ್ಜಿನಪ್ಪ ಓಮಿನಕಾಳಿನ ಹೊಗೆ ಎಂದ. ಕಷಾಯದ ಮೇಲೆ ಹೊಗೆ ಹಾಕಬಾರದು ಎಂದು ಅವಳು, ಹೊಗೆಯ ಮೇಲೆ ಕಷಾಯ ಕುಡಿಯಬಾರದು ಎಂದು ಅವನು. ಜಗಳ ತೀರದೆ ಎರಡನ್ನೂ ಒಟ್ಟಿಗೇ ಮಾಡಿಸಿದರು. ರಾಮಾಂಜಿ ಮೇಲೆ ಕೆಮ್ಮುತ್ತ ಕೆಳಗೆ ನುಂಗುತ್ತ ಬೆವೆತುಹೋದ. ಕಣ್ಣು, ಮೂಗು ಎಲ್ಲ ತೆರೆದುಕೊಂಡವು, ಗಂಟಲೊಂದು ಬಿಟ್ಟು.

ಕೊನೆಗೆ ಗುರುಬಸಮ್ಮ ಹಣೆಗೂ ಗಂಟಲಿಗೂ ದಪ್ಪಗೆ ವಿಭೂತಿ ಬಳಿದಳು. "ಸಂಜಿತನಕ ಮುಖ ತೊಳಕಬ್ಯಾಡ. ತೊಳಕಂಡಿ ಅಂದ್ರ ಇದ್ದದ್ದೂ ಹೋಗತೈತಿ."

ಇದ್ದದ್ದಾದರೂ ಏನು ಎಂದು ಕೇಳಲು ಅವನಿಗೆ ಬಾಯಿ ಇರಲಿಲ್ಲ.

ಅಷ್ಟರಲ್ಲಿ ಯೂನಿಟ್ಟಿನ ಸೂಪರ್‌ವೈಜರ್ ಸಿದ್ದರಾಮೇಶ್ ಬೈಕ್ ತಂದು ಬಾಗಿಲಲ್ಲಿ ನಿಲ್ಲಿಸಿದ. "ಅರ್ಜೆಂಟ್ ಲೋಡ್ ಐತಲೇ ರಾಮಾಂಜಿ, ಇವತ್ತ ಕಳಿಸಬೇಕು. ಬರ್ತೀಯಿಲ್ಲ?"

ರಾಮಾಂಜಿ ಇಲ್ಲವೆಂದು ತಲೆ ಅಲ್ಲಾಡಿಸಿದ. ನಮ್ಮ ಕಡೆ ಹೌದಕ್ಕೂ ಇಲ್ಲಕ್ಕೂ ತಲೆ ಅಲ್ಲಾಡುವುದು ಹೆಚ್ಚುಕಡಿಮೆ ಒಂದೇ ಥರ. ವ್ಯತ್ಯಾಸವನ್ನು ಬಾಯಿಯೇ ಹೇಳಬೇಕು. ಸಿದ್ದರಾಮೇಶನಿಗೆ ಆನಂದವಾಯಿತು. "ಇವತ್ತ ಮೊದಲನೇ ಸಲ ಎದುರು ಮಾತಾಡದಂಗ ಒಪ್ಪಿದಿ ನೋಡು," ಎಂದು ಹಿಂದೆ ಹತ್ತಿಸಿಕೊಂಡೇ ಬಿಟ್ಟ. ಅದೃಷ್ಟಕ್ಕೆ ರಾಮಾಂಜಿ ಸಂಜೆಯ ವೇಷವನ್ನು ಆಗಲೇ ತೊಟ್ಟಿದ್ದ: ಉಳಿಕೆ ಬಟ್ಟೆಯಿಂದ ತಾನೇ ಹೊಲಿದುಕೊಂಡ ಮೊಣಕಾಲುದ್ದದ ಕಪ್ಪು ಕೋಟು, ಜೀನ್ಸಿನ ಹಿತ್ತಾಳೆ ಗುಂಡಿಗಳನ್ನು ಪೋಣಿಸಿದ ಸರ, ಹೆಗಲ ಮೇಲೆ ಅವ್ವ ಕೊಟ್ಟ ಕರಿ ಕಂಬಳಿ. ಗಂಟಲಿಗೆ ಬೆಚ್ಚಗಿರಲೆಂದು ಕಂಬಳಿಯನ್ನು ಕುತ್ತಿಗೆಗೆ ಸುತ್ತಿಕೊಂಡ.

ಯೂನಿಟ್ಟಿನಲ್ಲಿ ಎಂದೂ ಆಗದಷ್ಟು ಕೆಲಸವಾಯಿತು. ಹಾಡಿಲ್ಲ, ತಮಾಷೆಯಿಲ್ಲ, ಜಿಪ್ಪುಗಳು ತಾವಾಗಿಯೇ ಹೋಗಿ ಪ್ಯಾಂಟಿಗೆ ಅಂಟಿಕೊಂಡಂತೆ ಕಂಡವು. ಸಿದ್ದರಾಮೇಶ್ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಮಧ್ಯಾಹ್ನ ಲೋಡು ತುಂಬುವ ಆಟೋ ಬಂದಾಗ ರಾಮಾಂಜಿ ಹಿಂದಿನ ಬಾಗಿಲಿನಿಂದ ಹೋಗಿ ಬಂಡಲ್‌ಗಳ ನಡುವೆ ತಾನೂ ಒಂದು ಬಂಡಲ್ ಆಗಿ ಮುದುಡಿಕೊಂಡ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಆಟೋ ನಿಧಾನವಾದಾಗ ಕೆಳಗೆ ಹಾರಿದ. ಡ್ರೈವರು ಕನ್ನಡಿಯಲ್ಲಿ ನೋಡಿ, ಒಂದು ಬಂಡಲ್ ಎದ್ದು ಓಡುತ್ತಿದೆಯಲ್ಲ ಎಂದು ಕಣ್ಣುಜ್ಜಿಕೊಂಡ.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಮಡಕಶಿರದ ಬಸ್ಸು ಹತ್ತಿದ. ಹೆಂಗಸರಿಗೆ ಟಿಕೆಟ್ ಇಲ್ಲವಾದಾಗಿನಿಂದ ಆ ಬಸ್ಸುಗಳಲ್ಲಿ ಗಂಡಸರಿಗೆ ಸೀಟು ಸಿಗುವುದು ಅಪರೂಪ. ಅವನು ಕಂಬಿ ಹಿಡಿದು ನಿಂತ. ಹಾಡಿನ ಹಿಂದೆ ಬಾರಿಸುವ ಬೀಟ್ ಪೂರ್ತಿ ಫೋನಿನೊಳಗಿದ್ದುದರಿಂದ ಚಾರ್ಜು ಉಳಿಯಲಿ ಎಂದು ಫೋನು ಆಫ್ ಮಾಡಿದ್ದ. ಬೀಟ್ ಎಂದರೆ ಮತ್ತೇನಲ್ಲ, ಯೂನಿಟ್ಟಿನ ಮಿಷಿನ್ನುಗಳ ಟಕಟಕ, ಕತ್ತರಿಯ ಕಚಕಚ, ಇಸ್ತ್ರಿಪೆಟ್ಟಿಗೆಯ ಬುಸ್ ಸದ್ದು ಸೇರಿಸಿ ಅವನೇ ಹೆಣೆದದ್ದು.

ಕಂಡಕ್ಟರ್ ಬಂದು, "ಎಕ್ಕಡಿಕಿ?" ಎಂದು, ಎಲ್ಲಿಗೆ ಟಿಕೆಟ್ ಬೇಕೆಂಬುದನ್ನು ತೆಲುಗಿನಲ್ಲಿ ಕೇಳಿದ. ರಾಮಾಂಜಿ ಗಂಟಲು ಮುಟ್ಟಿಕೊಂಡು, ಬೆರಳು ಅಲ್ಲಾಡಿಸಿ, ಮುಂದೆ ಕೈ ಚಾಚಿದ. ಕಂಡಕ್ಟರ್ ಅವನ ಹಣೆಯ ವಿಭೂತಿ, ಗಂಟಲಿನ ವಿಭೂತಿ, ಕರಿ ಕಂಬಳಿ, ಗುಂಡಿಯ ಸರ ಒಂದೊಂದನ್ನೇ ನೋಡಿದ.

ಪಕ್ಕದ ಸೀಟಿನಲ್ಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವಳು ಮಡಕಶಿರದ ಸುಂಕಮ್ಮ. ಸಂತೆ ಸಂತೆ ತಿರುಗಿ ಕುರಿ ಮಾರುವವಳು. ಅವಳಿಗೆ ತಕ್ಷಣ ಅರ್ಥವಾಯಿತು. "ಅಷ್ಟೂ ತಿಳಿಯಾಕಿಲ್ವೇನಪ್ಪ ನಿಂಗೆ? ಸಾಮ್ಯೋರು ಮೌನವ್ರತದಾಗವ್ರೆ. ಮಡಕ್ಸಿರಕ್ಕೆ ಒಂದು ಟಿಕೀಟ್ ಕೊಡು." ತಾನು ಎದ್ದು, ಸೀಟು ಸೆರಗಿನಿಂದ ಒರೆಸಿ, "ಕುಂತ್ಕಳಿ ಸಾಮಿ," ಎಂದಳು.

ರಾಮಾಂಜಿ ಕೈ ಬೀಸಿ ಬೇಡವೆಂದ. ಎರಡು ಬೆರಳು ಮಡಚಿ ಉಳಿದವನ್ನು ಚಾಚಿ ಬೀಸುವುದು ರ್‍ಯಾಪರುಗಳ ಅಭ್ಯಾಸ. ಕೈಗೆ ಬೇರೆ ಥರ ಬೀಸಲು ಬರುತ್ತಿರಲಿಲ್ಲ. ಬಸ್ಸಿನ ಹೆಂಗಸರಿಗೆ ಅದೊಂದು ಮುದ್ರೆಯಾಗಿ ಕಂಡಿತು. ಹಿಂದಿನ ಸೀಟಿನವಳೊಬ್ಬಳು ಕೈ ಮುಗಿದಳು. ಕಾಲು ನೋಯುತ್ತಿತ್ತು, ಅವನು ಕುಳಿತ.

ಸ್ವಲ್ಪ ದೂರ ಹೋದ ಮೇಲೆ ಸುಂಕಮ್ಮ ಮೆಲ್ಲಗೆ ಕೇಳಿದಳು. "ಸಾಮಿ, ನನ್ ಗಬ್ಬದ ಕುರಿ ಒಂದು ಕಳ್ಕೊಂಡೈತೆ. ಎಲ್ಲೈತೆ ಅಂತ ಒಂದೀಟು ತೋರ್ಸಿ."

ಬೆಳಗಿನ ಕಷಾಯದ ಖಾರಕ್ಕೆ ರಾಮಾಂಜಿಯ ಬಾಯಿ ಒಣಗಿ ಹೋಗಿತ್ತು. ಅವಳ ಬುಟ್ಟಿಯಲ್ಲಿದ್ದ ನೀರಿನ ಬಾಟಲಿಯತ್ತ ಬೆರಳು ತೋರಿಸಿ, ಹೆಬ್ಬೆರಳನ್ನು ತುಟಿಗೆ ಇಟ್ಟುಕೊಂಡ.

"ನೀರು," ಎಂದಳು ಸುಂಕಮ್ಮ. "ನೀರಿರೋ ತಾವ ಐತಂತೆ." ಫೋನು ತೆಗೆದು ಮನೆಗೆ ಹಚ್ಚಿದಳು. "ಲೇ, ಕೆರೆ ತಾವ ಓಗಿ ನೋಡು. ಸಾಮ್ಯೋರು ಏಳವ್ರೆ." ನೀರು ಮಾತ್ರ ಅವಳು ಕೊಡಲಿಲ್ಲ. ಬಸ್ಸು ಒಂದೆರಡು ಊರು ದಾಟುವಷ್ಟರಲ್ಲಿ ಮನೆಯಿಂದ ಫೋನು ಬಂತು. ಕುರಿ ಕೆರೆಯ ಅಂಗಳದಲ್ಲಿ ಮೇಯುತ್ತಿತ್ತು. ಆ ಬೇಸಿಗೆಯಲ್ಲಿ ಹುಲ್ಲು ಇದ್ದದ್ದೇ ಅಲ್ಲಿ. ಕುರಿ ಇನ್ನೆಲ್ಲಿ ಹೋದೀತು ಎಂದು ಯಾರೂ ಕೇಳಲಿಲ್ಲ.

ಆಮೇಲೆ ಬಸ್ಸಿನಲ್ಲಿ ಯಾರೂ ಕಿಟಕಿಯಿಂದ ಹೊರಗೆ ನೋಡಲಿಲ್ಲ. ಒಬ್ಬಳು ತವರಿಗೆ ಹೋಗಿ ಕುಳಿತ ಸೊಸೆಯ ಬಗ್ಗೆ ಕೇಳಿದಳು. ನನ್ನನ್ನು ಬಿಟ್ಟುಬಿಡಿ ಎಂದು ರಾಮಾಂಜಿ ಐದೂ ಬೆರಳು ಚಾಚಿದ. ಐದು ದಿನದಲ್ಲಿ ಬರುತ್ತಾಳಂತೆ ಎಂದು ಅವಳು ಕಣ್ಣೊರೆಸಿಕೊಂಡಳು. ಬೇಸರದಿಂದ ಅವನು ಹಣೆ ಚಚ್ಚಿಕೊಂಡರೆ, ಎಲ್ಲ ಹಣೆಬರಹ ಎಂದು ಸಾಮಿ ಹೇಳುತ್ತಿದ್ದಾರೆ ಎಂದು ಕಂಡಕ್ಟರ್ ತೆಲುಗಿನಲ್ಲಿ ವಿವರಿಸಿದ. ಟಿಕೆಟಿನ ದುಡ್ಡನ್ನೂ ಅವನು ಮುಟ್ಟಲಿಲ್ಲ, ತನ್ನ ಜೇಬಿನಿಂದ ಹಾಕಿಕೊಂಡ.

ಮಡಕಶಿರದಲ್ಲಿ ರಾಮಾಂಜಿ ಇಳಿದಾಗ ಅವನ ಹಿಂದೆ ಅರ್ಧ ಬಸ್ಸು ಇಳಿಯಿತು. ಅವನು ಬೇಗ ನಡೆದರೆ ಅವರೂ ಬೇಗ ನಡೆದರು. ದಾರಿಯಲ್ಲಿ ಸಿಕ್ಕವರು ಏನೆಂದು ಕೇಳಿ ಜೊತೆ ಸೇರಿಕೊಂಡರು. ಕಲ್ಯಾಣ ಮಂಟಪದ ಬಾಗಿಲಲ್ಲಿ ವಿದ್ಯಾಶ್ರೀ ನಿಂತಿದ್ದಳು. ಆಗಲೇ ಹಾಡಿ ಮುಗಿಸಿದ್ದ ನಾಲ್ಕಾರು ಮಂದಿಗೆ ಕೇಳುಗರೆಂದರೆ ಅವರವರ ಅಮ್ಮಂದಿರು ಮಾತ್ರ. ಇವನ ಹಿಂದೆ ಬಂದ ಜನ ಕುರ್ಚಿ ಸಾಲದೆ ನೆಲದ ಮೇಲೆ ಕುಳಿತದ್ದು ನೋಡಿ ಅವಳ ಹುಬ್ಬು ಮೇಲೇರಿತು.

"ಎಂ.ಸಿ. ಹಗರಿ ಅಂದ್ರ ನೀವನಾ? ಇಷ್ಟು ಮಂದಿ ಫ್ಯಾನ್ಸ್ ಅದಾರ ಅಂತ ಹೇಳೇ ಇಲ್ಲಲ್ರಿ."

ರಾಮಾಂಜಿ ಫೋನು ಕೊಟ್ಟು ವೇದಿಕೆ ಹತ್ತಿದ. ಎಷ್ಟೋ ಮಧ್ಯಾಹ್ನ ಪ್ಯಾಂಟುಗಳ ಕೆಳಗೆ ಉಸಿರುಗಟ್ಟಿ ಹಾಡಿದ್ದು ಈ ಒಂದು ಸಂಜೆಗಾಗಿ. ಬೀಟ್ ಶುರುವಾಯಿತು. ಮಿಷಿನ್ನುಗಳ ಟಕಟಕ ದೊಡ್ಡ ಸ್ಪೀಕರಿನಲ್ಲಿ ಮಳೆಯ ಹಾಗೆ ಸುರಿಯಿತು. ಇಸ್ತ್ರಿಯ ಬುಸ್ ಸದ್ದಿಗೆ ನೆಲ ನಡುಗಿತು. ಅವನು ಮೈಕು ಹಿಡಿದು ಬಾಯಿ ತೆರೆದ. ಏನೂ ಬರಲಿಲ್ಲ. ಕೈ ಎತ್ತಿದ. ಸಭೆ ಕೈ ಮುಗಿಯಿತು. ಕಣ್ಣು ಮುಚ್ಚಿದ. ಸಭೆಯೂ ಕಣ್ಣು ಮುಚ್ಚಿತು. ಅಷ್ಟು ಜನ ಕುಳಿತ ಮಂಟಪದಲ್ಲಿ ಬೀಟ್ ಬಿಟ್ಟು ಒಂದು ಕೆಮ್ಮೂ ಕೇಳಲಿಲ್ಲ. ವಿದ್ಯಾಶ್ರೀ ಕುರ್ಚಿಯ ತುದಿಗೆ ಸರಿದಳು.

ಆಗ ಗಂಟಲಿನಲ್ಲಿ ಏನೋ ಸಡಿಲಾಯಿತು. ಇಡೀ ದಿನ ಮಾತಾಡದೆ ಇದ್ದುದಕ್ಕೋ, ಕಷಾಯ ತಡವಾಗಿ ಕೆಲಸ ಮಾಡಿತೋ ಗೊತ್ತಿಲ್ಲ. ರಾಮಾಂಜಿಗೆ ತನ್ನ ಧ್ವನಿ ಕೇಳಿಸಿತು. ಎಂದಿಗಿಂತ ಗಡುಸಾಗಿ, ಎಂದಿಗಿಂತ ಚೆನ್ನಾಗಿ.

"ಜಿಪ್ಪು ಕೂಡಿಸ್ತೀನಿ ನಾನು ಊರ ಮಂದಿ ಪ್ಯಾಂಟಿಗೆ,
ಜಿಪ್ಪು ಹಾಕಾಕ ಬಂದ್ರ ಯಾರರ ನನ್ನ ಬಾಯಿಗೆ..."

ಮೂರನೆಯ ಸಾಲು ಏನೆಂದು ಮಡಕಶಿರದಲ್ಲಿ ಯಾರಿಗೂ ಗೊತ್ತಾಗಲಿಲ್ಲ. "ಅಯ್ಯಯ್ಯೋ, ಸಾಮ್ಯೋರ ವ್ರತ ಮುರೀತು," ಎನ್ನುತ್ತ ಸುಂಕಮ್ಮ ವೇದಿಕೆಗೆ ಏರಿದ್ದಳು. ಕುರಿ ಹಿಡಿದು ಪಳಗಿದ ಕೈ ಅವಳದು. ಒಂದು ಕೈ ಅವನ ಕುತ್ತಿಗೆ ಸುತ್ತ ಬಿತ್ತು, ಇನ್ನೊಂದು ಸೆರಗಿನ ಸಮೇತ ಬಾಯಿಯ ಮೇಲೆ. "ಯಾರೋ ಮಾಟ ಮಾಡ್ಸವ್ರೆ. ಇಂಗೆ ಅಲ್ದೆ ಇದ್ರೆ ಪ್ಯಾಂಟು ಗೀಂಟು ಅನ್ನೋ ಮಾತು ಇಂಥೋರ ಬಾಯಾಗೆ ಬತ್ತದಾ?"

ಕಂಡಕ್ಟರ್ ಕಾಲು ಹಿಡಿದು ಎತ್ತಿದ. ಬಸ್ಸು ಬಿಡುವ ಹೊತ್ತು ಮೀರಿದ್ದರೂ ಅವನು ಬಂದು ಕುಳಿತಿದ್ದ. ಇನ್ನಿಬ್ಬರು ಕುತ್ತಿಗೆಯ ಕಂಬಳಿ ಬಿಚ್ಚಿ, ಅವನನ್ನು ಅದರೊಳಗೆ ಹಾಕಿ, ನಾಲ್ಕೂ ತುದಿ ಹಿಡಿದರು. ಎಂ.ಸಿ. ಹಗರಿ ಇಷ್ಟು ದಿನ ಕಾದಿದ್ದ ವೇದಿಕೆಯಿಂದ ಕಂಬಳಿಯಲ್ಲಿ ಮಲಗಿ ಇಳಿದ. ಕಂಬಳಿಯ ಒಳಗಿನಿಂದ ಅವನು ಗಟ್ಟಿಯಾಗಿ ಹಾಡುತ್ತಲೇ ಇದ್ದ, ಆದರೆ ಕಂಬಳಿ ಜೀನ್ಸಿಗಿಂತ ದಪ್ಪ.

ಮಂಟಪದ ಹಿಂದಿನ ಕೋಣೆಯಲ್ಲಿ ಅವನನ್ನು ಗೋಡೆಗೆ ಒರಗಿಸಿ ಕೂರಿಸಿದರು. ವ್ರತ ಮುರಿದವರ ಬಾಯಿಗೆ ಬಾಳೆಹಣ್ಣು ಇಟ್ಟರೆ ಮೊದಲಿನಿಂದ ವ್ರತ ಹಿಡಿದಂತೆ ಎಂದು ಯಾರೋ ಹೇಳಿದರು. ಯಾರು ಹೇಳಿದರು ಎಂದು ವಿಚಾರಿಸುವ ಮೊದಲೇ ಸುಂಕಮ್ಮ ಬುಟ್ಟಿಯಿಂದ ದಪ್ಪನೆಯ ಪಚ್ಚಬಾಳೆಹಣ್ಣು ಸುಲಿದು ಪೂರ್ತಿ ಒಳಗೆ ನೂಕಿದಳು.

ಅದೇ ಹೊತ್ತಿಗೆ ವಿದ್ಯಾಶ್ರೀ ಓಡುತ್ತ ಬಂದಳು. ಅವಳ ಕಣ್ಣು ಹೊಳೆಯುತ್ತಿದ್ದವು.

"ರಾಮಾಂಜಿ, ಆ ಬೀಟ್ ಎಲ್ಲಿಂದ ತಂದ್ರಿ? ನನಗ ಮೈ ಜುಂ ಅಂತು. ನಾನು ಹುಡುಕ್ತಿದ್ದದ್ದು ಇದನ್ನ. ಆಲ್ಬಮ್ಮಿಗೆ ಇದನ್ನ ತಗೋತೀನಿ."

ರಾಮಾಂಜಿಯ ಕಣ್ಣಲ್ಲಿ ನೀರು ಬಂತು. ಹಣ್ಣು ನುಂಗಲು ಒದ್ದಾಡಿದ.

"ಆದ್ರ ಮಾತು ಬ್ಯಾಡ. ನಡುವ ಆ ಎರಡು ಸಾಲು ಬಂತಲ್ಲ, ಅದು ಎಲ್ಲಾ ಕೆಡಿಸಿಬಿಡ್ತು ನೋಡ್ರಿ. ಬೀಟ್ ನಿಮ್ಮದು, ಅದರ ಮ್ಯಾಲೆ ಹಾಡಾಕ ನಮ್ಮ ವನಿತಾ ಅದಾಳ, ಛಲೋ ಕಂಠ. ನಿಮಗ ಒಪ್ಪಿಗೀನಾ?"

ರಾಮಾಂಜಿ ಬಾಳೆಹಣ್ಣಿನ ಹಿಂದಿನಿಂದ ತಲೆಯನ್ನು ಬಲವಾಗಿ ಅಲ್ಲಾಡಿಸಿದ.

"ಥ್ಯಾಂಕ್ಸ್ ರೀ, ದೊಡ್ಡ ಮನಸು ನಿಮ್ಮದು," ಎಂದು ಅವಳು ಬಳ್ಳಾರಿಯ ಕಾರು ಹತ್ತಿದಳು. ಮಾರನೆಯ ದಿನ ಅವನು ಫೋನು ಮಾಡಿ ಹೇಳಬಹುದಿತ್ತು. ಹೇಳಲಿಕ್ಕೂ ಹೊರಟ. ಆದರೆ ಅಷ್ಟರಲ್ಲಿ ಅವಳು ಕಳಿಸಿದ ತುಣುಕಿನಲ್ಲಿ ತನ್ನ ಮಿಷಿನ್ನುಗಳ ಟಕಟಕ ಸ್ಟುಡಿಯೋದಲ್ಲಿ ತೊಳೆದು ಇಸ್ತ್ರಿ ಮಾಡಿಸಿಕೊಂಡು ಬಂದದ್ದನ್ನು ಕೇಳಿ, ಮನಸ್ಸು ಬಾರದೆ ಸುಮ್ಮನಾದ.

ಸೋಮವಾರ ಯೂನಿಟ್ಟಿನಲ್ಲಿ ಕೆಲಸ ಹೋಗುತ್ತದೆಂದು ಅಂಜುತ್ತ ಹೋದರೆ ಸಿದ್ದರಾಮೇಶ್ ಬೈಯಲಿಲ್ಲ. "ಮಾತಿಲ್ಲದಾಗ ನೀನು ಭಾಳ ಛಲೋ ಕೆಲಸಗಾರ. ಇನ್ನ ಮ್ಯಾಲೆ ಹಿಂಗ ಇರು," ಎಂದ. ಮಂಟಪದಲ್ಲಿ ಯಾರೋ ಹಿಡಿದ ವೀಡಿಯೋ ಆ ಹೊತ್ತಿಗೆ ಊರೂರು ತಿರುಗಿತ್ತು. ಎಂ.ಸಿ. ಹಗರಿಯ ಹಾಡುಗಳನ್ನೆಲ್ಲ ಸೇರಿಸಿದರೂ ಅಷ್ಟು ಜನ ನೋಡಿರಲಿಲ್ಲ. ಅದರಲ್ಲಿ ಅವನು ಕಣ್ಣು ಮುಚ್ಚಿ, ಕೈ ಎತ್ತಿ ನಿಂತದ್ದಷ್ಟೇ ಇತ್ತು. ಹಾಡಿದ ಎರಡು ಸಾಲನ್ನು ಭಕ್ತರು ಜಾಗ್ರತೆಯಿಂದ ಕತ್ತರಿಸಿ ತೆಗೆದಿದ್ದರು. ಕೆಳಗೆ, ವಿದ್ಯಾಶ್ರೀಯಿಂದ ಕೇಳಿ ಪಡೆದ ಅವನ ನಂಬರು.

ಒಂದು ಮಧ್ಯಾಹ್ನ ಅವನು ಗೋಡೌನಿನ ಬಾಗಿಲಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ಫೋನು ಬಂತು.

"ಅಲೋ, ಮೌನಸಾಮ್ಯೋರ ನಂಬರಾ ಇದು? ನಾವು ಮಡಕ್ಸಿರದ ತಾವ ರತ್ನಗಿರಿಯಿಂದ, ದೊಡ್ಡತಿಮ್ಮಪ್ಪ ಅಂತ. ಒಲದಾಗೆ ಬೋರ್ ಆಕುಸ್ತಿದೀವಿ. ಸಾಮ್ಯೋರು ಬಂದು ಎಲ್ಲಿ ಅಂತ ಬೆರಳು ತೋರ್ಸಿದ್ರೆ ಸಾಕು. ಪೋನು ಅವರಿಗೆ ಕೊಡಿ."

"ನಾನ ಮಾತಾಡ್ತಿರೋದು. ಹೇಳ್ರಿ," ಎಂದ ರಾಮಾಂಜಿ.

"ನೀವ್ಯಾರು?"

"ನಾನ ಅವನು. ಆದ್ರ ನಾನು ಸ್ವಾಮಿ ಅಲ್ರಿ, ರ್‍ಯಾಪರ್. ಹಾಡು ಹೇಳ್ತೀನಿ."

"ನೀವು ಯಾರಾನ ಆಗಿರಿ ಯಜಮಾನ್ರೆ, ಸಾಮ್ಯೋರು ಮಾತಾಡಾಕಿಲ್ಲ ಅಂತ ನಮ್ಗೂ ಗೊತ್ತೈತೆ. ನಡುವೆ ನಿಂತ್ಕಂಡು ಯಾಕೆ ಅಡ್ಡ ಬತ್ತೀರಾ? ಅವರಿಗೆ ಕೊಡಿ."

ರಾಮಾಂಜಿಗೆ ರೇಗಿತು. ನಂಬಿಸಲು ಬೇರೆ ದಾರಿ ಕಾಣದೆ, ಬುತ್ತಿ ಬದಿಗಿಟ್ಟು, ಮಡಕಶಿರದಲ್ಲಿ ನಿಂತುಹೋದ ಹಾಡನ್ನು ಮೊದಲಿನಿಂದ ಕೊನೆಯವರೆಗೆ, ಮೂರನೆಯ ಸಾಲೂ ಸೇರಿದಂತೆ, ಒಂದೇ ಉಸಿರಿನಲ್ಲಿ ಹಾಡಿ ಮುಗಿಸಿದ. ಎಂದೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ.

"ಅಲ್ಲೇನೋ ರೇಡಿಯೋ ಬಡ್ಕೊಂತೈತೆ, ಒಸಿ ಆಪ್ ಮಾಡಿ," ಎಂದ ದೊಡ್ಡತಿಮ್ಮಪ್ಪ.

ರಾಮಾಂಜಿ ಫೋನನ್ನು ಕಿವಿಗೆ ಒತ್ತಿಕೊಂಡು ಸುಮ್ಮನೆ ನಿಂತ.

ಆ ಕಡೆ ದೊಡ್ಡತಿಮ್ಮಪ್ಪ ಪಕ್ಕದವರಿಗೆ ಪಿಸುಗುಟ್ಟಿದ್ದು ಕೇಳಿಸಿತು, "ಸಿಕ್ಕಿದ್ರು ಕಣ್ರೋ." ನಂತರ ಗಂಟಲು ಸರಿಮಾಡಿಕೊಂಡು, ಬಹಳ ಭಕ್ತಿಯಿಂದ ಅವನು ಹೇಳಿದ:

"ನಮಸ್ಕಾರ ಸಾಮಿ."